ಛೇದದ ಸೊನ್ನೆಯೂ ವರ್ಜ್ಯದ ವಿವೇಕವೂ

ಪಂಚಾಂಗವನ್ನು ಬಿಡಿಸಿ ನೋಡುವ ಅಭ್ಯಾಸವಿರುವ ಮನೆಗಳಲ್ಲಿ ‘ವರ್ಜ್ಯ’ವೆಂಬ ಮಾತು ಎಲ್ಲರಿಗೂ ಪರಿಚಿತವಾದುದು. ತಿಥಿ, ವಾರ, ನಕ್ಷತ್ರಗಳೆಲ್ಲ ಚೆನ್ನಾಗಿ ಕೂಡಿಬಂದ ದಿನದಲ್ಲಿಯೂ ಸುಮಾರು ನಾಲ್ಕು ಘಳಿಗೆಯಷ್ಟು ಕಾಲವನ್ನು ಪಂಚಾಂಗಕರ್ತರು ಬೇರೆಯಾಗಿ ಎತ್ತಿಟ್ಟು, ಇದು ಶುಭಕಾರ್ಯಕ್ಕೆ ಸಲ್ಲದು ಎಂದು ಗುರುತು ಮಾಡುತ್ತಾರೆ. ದಿನವೇ ಕೆಟ್ಟದೆಂದು ಇದರ ಅರ್ಥವಲ್ಲ. ಒಳ್ಳೆಯ ದಿನದೊಳಗೂ ಕಾಲಿಡಬಾರದ ಒಂದು ತಾಣವುಂಟು ಎಂದಷ್ಟೇ ಅರ್ಥ. ಇದನ್ನು ನಂಬುವವರುಂಟು, ನಂಬದವರೂ ಉಂಟು. ಆದರೆ ಯಾರ ನಂಬಿಕೆಯನ್ನೂ ಬೇಡದ, ಯಾರ ಅವಿಶ್ವಾಸಕ್ಕೂ ಅಳುಕದ ಇನ್ನೊಂದು ವರ್ಜ್ಯವಿದೆ. ಅದು ಬೀಜಗಣಿತದ ವರ್ಜ್ಯ.

ಅಂಶದಲ್ಲಿಯೂ ಛೇದದಲ್ಲಿಯೂ ಬೀಜೋಕ್ತಿಗಳನ್ನು ಹೊತ್ತ ಭಿನ್ನರಾಶಿಗಳನ್ನು ಪ್ರೌಢಶಾಲೆಯ ಮೆಟ್ಟಿಲೇರಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಡಿರುತ್ತಾನೆ. ‘12 ÷ (ಕ್ಷ − 3)’ ಎಂಬುದು ಅಂಥದೊಂದು. ಇಲ್ಲಿ ‘ಕ್ಷ’ ಎಂಬ ಅವ್ಯಕ್ತಕ್ಕೆ ನಮಗೆ ಬೇಕಾದ ಬೆಲೆಯನ್ನು ಕೊಡಬಹುದು. 4 ಎಂದರೆ ಫಲ 12. 5 ಎಂದರೆ 6. 1 ಎಂದರೆ ಋಣ 6. ಹೀಗೆ ಎಲ್ಲ ಸಂಖ್ಯೆಗಳನ್ನೂ ಆದರದಿಂದ ಒಳಗೆ ಬಿಟ್ಟುಕೊಳ್ಳುವ ಈ ಮನೆ 3 ಎಂಬ ಒಂದೇ ಒಂದು ಅತಿಥಿ ಬಂದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಏಕೆಂದರೆ ಆಗ ಛೇದವು ಸೊನ್ನೆಯಾಗುತ್ತದೆ. ಇಲ್ಲಿ 3 ಎಂಬುದು ಕ್ಷದ ವರ್ಜ್ಯ ಬೆಲೆ. ಪಠ್ಯಪುಸ್ತಕ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತದೆ. ವಿದ್ಯಾರ್ಥಿ ಆ ಸಾಲನ್ನು ಬಾಯಿಪಾಠ ಮಾಡಿ ಮರೆಯುತ್ತಾನೆ. ಆ ಒಂದು ಸಾಲಿನ ಹಿಂದೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ಚಿಂತನೆಯಿದೆ, ಮಹಾಮತಿಗಳ ಎಡವಿಕೆಯಿದೆ, ಅದರಲ್ಲಿ ನಮ್ಮ ಕನ್ನಡನಾಡಿನ ಪಾಲೂ ಇದೆ ಎಂಬುದನ್ನು ಅವನಿಗೆ ಹೇಳುವವರು ವಿರಳ.

ಹೊಳೆಯ ಲೆಕ್ಕ

ದಕ್ಷಿಣಕನ್ನಡದ ಸುಳ್ಯ ತಾಲೂಕಿನಲ್ಲಿ ಕೇರಳದ ಗಡಿಗೆ ತಾಗಿಕೊಂಡು ಮಂಡೆಕೋಲು ಎಂಬ ಗ್ರಾಮವಿದೆ. ಅಡಕೆ, ತೆಂಗು, ಗುಡ್ಡ, ಕಾಡು, ತೋಡುಗಳ ಸೀಮೆ ಅದು. ಆ ಸೀಮೆಯ ಮಕ್ಕಳ ಮನೆಮಾತು ತುಳುವಿರಬಹುದು, ಅರೆಭಾಷೆಯಿರಬಹುದು, ಹವ್ಯಕ ಕನ್ನಡವಿರಬಹುದು, ಮಲಯಾಳವಿರಬಹುದು; ಕನ್ನಡ ಶಾಲೆಯಲ್ಲಿ ಅವರೆಲ್ಲರಿಗೂ ಗಣಿತದ ಮಾತು ಒಂದೇ. ಅಂಥ ಶಾಲೆಯ ಉಪಾಧ್ಯಾಯರು ಈ ಪಾಠವನ್ನು ಆರಂಭಿಸಲು ದೂರಕ್ಕೆ ಹೋಗಬೇಕಾಗಿಲ್ಲ. ಸುಳ್ಯವನ್ನು ಬಳಸಿ ಹರಿದು, ಗಡಿಯನ್ನು ದಾಟಿ, ಕಾಸರಗೋಡಿನ ಬಳಿ ಚಂದ್ರಗಿರಿಯೆಂಬ ಹೆಸರಿನಲ್ಲಿ ಕಡಲನ್ನು ಸೇರುವ ಪಯಸ್ವಿನಿಯೇ ಅವರಿಗೆ ಸಾಕು.

ಒಬ್ಬ ಅಂಬಿಗ ಹೊಳೆಯ ಸೆಳೆತಕ್ಕೆ ಎದುರಾಗಿ 6 ಕಿಲೋಮೀಟರು ದೋಣಿ ನಡೆಸಬೇಕಾಗಿದೆ ಎಂದು ಭಾವಿಸೋಣ. ನೀರಿನ ವೇಗ ಗಂಟೆಗೆ 3 ಕಿಲೋಮೀಟರು. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ ‘ಕ್ಷ’ ಕಿಲೋಮೀಟರು. ಆಗ ಅವನಿಗೆ ಬೇಕಾಗುವ ಹೊತ್ತು 6 ÷ (ಕ್ಷ − 3) ಗಂಟೆ. ತೋಳಿನಲ್ಲಿ ಬಲವಿದ್ದು ಗಂಟೆಗೆ 6 ಕಿಲೋಮೀಟರು ವೇಗದಲ್ಲಿ ಹುಟ್ಟು ಹಾಕಿದರೆ ಎರಡು ಗಂಟೆಯಲ್ಲಿ ಮುಟ್ಟುತ್ತಾನೆ. 4 ಕಿಲೋಮೀಟರು ವೇಗವಾದರೆ ಆರು ಗಂಟೆ. ಮೂರೂವರೆಯಾದರೆ ಹನ್ನೆರಡು ಗಂಟೆ. ಅವನ ವೇಗ 3ಕ್ಕೆ ಹತ್ತಿರವಾದಷ್ಟೂ ಪಯಣ ದೀರ್ಘವಾಗುತ್ತ ಹೋಗುತ್ತದೆ. ಸರಿಯಾಗಿ 3 ಆದಾಗ ಏನಾಗುತ್ತದೆ? ಅಂಬಿಗ ಬೆವರು ಸುರಿಸಿ ಹುಟ್ಟು ಹಾಕುತ್ತಲೇ ಇರುತ್ತಾನೆ. ದಡದ ಮರ ಮಾತ್ರ ಇದ್ದಲ್ಲಿಯೇ ಇರುತ್ತದೆ. ಅವನು ಎಷ್ಟು ಹೊತ್ತಿಗೆ ತಲಪುತ್ತಾನೆ ಎಂಬ ಪ್ರಶ್ನೆಗೆ ‘ಬಹಳ ಹೊತ್ತು’ ಎಂಬುದೂ ಉತ್ತರವಲ್ಲ. ಅವನು ತಲಪುವುದೇ ಇಲ್ಲ. ಛೇದದ ಸೊನ್ನೆ ಹೇಳುವುದು ಇದನ್ನೇ: ಇಲ್ಲಿ ಉತ್ತರ ದೊಡ್ಡದಾಗಿಲ್ಲ, ಪ್ರಶ್ನೆಯೇ ಮುರಿದುಬಿದ್ದಿದೆ.

ಇನ್ನೊಂದು ಸೂಕ್ಷ್ಮವನ್ನೂ ಇದೇ ಲೆಕ್ಕ ಕಲಿಸುತ್ತದೆ. ದೋಣಿಯ ವೇಗ 2 ಎಂದರೆ ಫಲ ಋಣ 6 ಬರುತ್ತದೆ. ಬೀಜಗಣಿತಕ್ಕೆ ಇದರಲ್ಲಿ ಆಕ್ಷೇಪವಿಲ್ಲ, ಆಕ್ಷೇಪವಿರುವುದು ಅಂಬಿಗನಿಗೆ. ಅವನ ದೋಣಿ ಹಿಮ್ಮುಖವಾಗಿ ಹೋಗುತ್ತಿರುತ್ತದೆ. ಆದುದರಿಂದ ಗಣಿತ ವರ್ಜಿಸುವ ಬೆಲೆ ಬೇರೆ, ಲೋಕವ್ಯವಹಾರ ವರ್ಜಿಸುವ ಬೆಲೆ ಬೇರೆ. ಮೊದಲನೆಯದು ಉಕ್ತಿಯ ರಚನೆಯಲ್ಲಿಯೇ ಹುಟ್ಟಿದುದು. ಎರಡನೆಯದು ಸಂದರ್ಭದಿಂದ ಬಂದುದು. ಈ ಎರಡನ್ನೂ ಬೆರೆಸದೆ ಬೇರೆಬೇರೆಯಾಗಿ ಹೇಳಬಲ್ಲ ವಿದ್ಯಾರ್ಥಿ ಅರ್ಧ ಗಣಿತಜ್ಞನೇ ಸರಿ.

ತೋಟದ ಲೆಕ್ಕವೂ ಹೀಗೆಯೇ. ಒಂದು ಹೆಕ್ಟೇರೆಂದರೆ 10,000 ಚದರ ಮೀಟರು. ಗಿಡದಿಂದ ಗಿಡಕ್ಕೆ ಎರಡೂ ದಿಕ್ಕಿನಲ್ಲಿ ‘ಕ್ಷ’ ಮೀಟರು ಅಂತರ ಬಿಟ್ಟರೆ ಸುಮಾರು 10,000 ÷ ಕ್ಷ² ಗಿಡಗಳು ಹಿಡಿಯುತ್ತವೆ. ಅಡಕೆಗೆ ವಾಡಿಕೆಯಾದ 2.7 ಮೀಟರು ಅಂತರವನ್ನಿಟ್ಟರೆ 1,370ರಷ್ಟು ಗಿಡಗಳು. ಅಂತರವನ್ನು 1 ಮೀಟರಿಗೆ ಇಳಿಸಿದರೆ ಹತ್ತು ಸಾವಿರ. ಹತ್ತು ಸೆಂಟಿಮೀಟರಿಗೆ ಇಳಿಸಿದರೆ ಹತ್ತು ಲಕ್ಷ. ಒಂದು ಸೆಂಟಿಮೀಟರಾದರೆ ಹತ್ತು ಕೋಟಿ. ಆಸೆಬುರುಕ ತೋಟಗಾರನಿಗೆ ಸೂತ್ರ ಎಲ್ಲಿಯೂ ಅಡ್ಡಿಮಾಡುವುದಿಲ್ಲ. ಅದು ತಡೆಯುವುದು ಸೊನ್ನೆಯೊಂದನ್ನೇ. ಉಳಿದುದನ್ನು ತಡೆಯಬೇಕಾದುದು ಅವನ ವಿವೇಕ.

ಏಕೆ ಕೂಡದು?

ಸೊನ್ನೆಯಿಂದ ಭಾಗಿಸಕೂಡದು ಎಂಬುದು ಯಾರೋ ಹೊರಡಿಸಿದ ಆಜ್ಞೆಯಲ್ಲ. ಭಾಗಾಕಾರವೆಂಬುದು ಗುಣಾಕಾರದ ಹಿಮ್ಮರಳು. 12ನ್ನು 3ರಿಂದ ಭಾಗಿಸಿದರೆ 4 ಎನ್ನುತ್ತೇವೆ. ಏಕೆಂದರೆ 4ನ್ನು 3ರಿಂದ ಗುಣಿಸಿದರೆ 12 ಮರಳಿ ದೊರೆಯುತ್ತದೆ. ಈಗ 12ನ್ನು ಸೊನ್ನೆಯಿಂದ ಭಾಗಿಸಿ ಬರುವ ಫಲವೊಂದಿದೆ ಎಂದಿಟ್ಟುಕೊಳ್ಳಿರಿ. ಅದನ್ನು ಸೊನ್ನೆಯಿಂದ ಗುಣಿಸಿದಾಗ 12 ಮರಳಿ ಬರಬೇಕು. ಸೊನ್ನೆಯಿಂದ ಗುಣಿಸಿದುದೆಲ್ಲ ಸೊನ್ನೆಯೇ ಆಗುವುದರಿಂದ ಅಂಥ ಸಂಖ್ಯೆ ಇಲ್ಲವೇ ಇಲ್ಲ. ಇನ್ನು ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿದರೆ? ಅಲ್ಲಿ ತೊಂದರೆ ವಿಪರೀತವಾದುದು. 5 ಎಂದರೂ ಒಪ್ಪುತ್ತದೆ, 500 ಎಂದರೂ ಒಪ್ಪುತ್ತದೆ. ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ ಮರಳುತ್ತದೆ. ಒಂದು ಕಡೆ ಉತ್ತರವೇ ಇಲ್ಲ. ಇನ್ನೊಂದು ಕಡೆ ಎಲ್ಲವೂ ಉತ್ತರ. ಸಾಕ್ಷಿಯೇ ಇಲ್ಲದ ವ್ಯಾಜ್ಯವನ್ನೂ, ಎಲ್ಲರೂ ತಾವೇ ಸಾಕ್ಷಿಯೆನ್ನುವ ವ್ಯಾಜ್ಯವನ್ನೂ ನ್ಯಾಯಾಧೀಶ ಹೇಗೆ ತೀರ್ಮಾನಿಸಲಾರನೋ ಹಾಗೆಯೇ ಗಣಿತವೂ ಇವೆರಡನ್ನೂ ತನ್ನ ಅಂಗಳದಿಂದ ಹೊರಗಿರಿಸಿತು.

ಇಂದು ಇದು ಸುಲಭವಾಗಿ ತೋರುತ್ತದೆ. ಆದರೆ ಸೊನ್ನೆಯನ್ನು ಸಂಖ್ಯೆಯೆಂದು ಪರಿಗಣಿಸಿ ಅದರ ಕೂಡಿಸುವ ಕಳೆಯುವ ನಿಯಮಗಳನ್ನು ಬರೆದ ಬ್ರಹ್ಮಗುಪ್ತನಿಗೇ ಇದು ಸುಲಭವಾಗಿರಲಿಲ್ಲ. ಕ್ರಿ.ಶ. 628ರಲ್ಲಿ ರಚಿತವಾದ ಆತನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂಬ ಮಾತಿದೆ. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ ಮಾತ್ರ ಆತ ಅದನ್ನು ಸೊನ್ನೆಯ ಛೇದವುಳ್ಳ ರಾಶಿಯೆಂದು ಹೆಸರಿಸಿ, ಅದರ ಬೆಲೆಯ ಗೊಡವೆಗೆ ಹೋಗದೆ ಸುಮ್ಮನಾದ.

ಮಳಖೇಡದ ಮಾತು

ಮುಂದಿನ ಹೆಜ್ಜೆ ನಮ್ಮ ನಾಡಿನಲ್ಲಿಯೇ ನಡೆಯಿತು. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿದ ರಾಜಾಸ್ಥಾನವೇ ಈ ಗ್ರಂಥಕ್ಕೂ ಆಶ್ರಯವಾಯಿತು ಎಂಬುದು ಸಾಹಿತ್ಯಪ್ರಿಯರು ನೆನಪಿಡಬೇಕಾದ ಸಂಗತಿ. ಕಾವ್ಯದಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ದೋಷಗಳನ್ನು ಗುರುತಿಸುತ್ತಿದ್ದ ಕಾಲದಲ್ಲಿಯೇ ಗಣನೆಯಲ್ಲಿ ಯಾವುದು ಸಲ್ಲುತ್ತದೆ ಎಂಬ ವಿಚಾರವೂ ನಡೆದಿತ್ತು. ಗ್ರಂಥದ ಆರಂಭದಲ್ಲಿ ಮಹಾವೀರ ಅಮೋಘವರ್ಷನನ್ನು ಕೊಂಡಾಡಿದ್ದಾನೆ. ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದ ಮೇಲೆ ಲೋಕದ ಗಣಿತಚರಿತ್ರಕಾರರ ಕಣ್ಣು ಇದರ ಕಡೆಗೆ ತಿರುಗಿತು.

ಭಿನ್ನರಾಶಿಗಳ ವಿಚಾರದಲ್ಲಿ ಮಹಾವೀರನ ಕೈ ನುರಿತದ್ದು. ಬೇರೆಬೇರೆ ಛೇದಗಳನ್ನು ಒಂದೇ ಛೇದಕ್ಕೆ ತರಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಕರೆದು ಬಳಸಿದವನು ಆತ. ಅಂಥವನೂ ಸೊನ್ನೆಯ ಮುಂದೆ ಎಡವಿದ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದಂತೆಯೇ ಉಳಿಯುತ್ತದೆ ಎಂದು ಆತ ಹೇಳಿದ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಕದಲದೆ ಉಳಿಯುತ್ತದಷ್ಟೆ ಎಂಬ ಯೋಚನೆ ಅವನದಾಗಿರಬಹುದು. ಅಂಗಳದಲ್ಲಿ ಹನ್ನೆರಡು ತೆಂಗಿನಕಾಯಿಗಳಿದ್ದು, ಪಾಲು ಕೇಳಲು ಯಾರೂ ಬಾರದಿದ್ದರೆ ಹನ್ನೆರಡೂ ಅಲ್ಲಿಯೇ ಇರುತ್ತವೆ, ನಿಜ. ಆದರೆ ಭಾಗಾಕಾರದ ಪ್ರಶ್ನೆ ‘ಅಂಗಳದಲ್ಲಿ ಉಳಿದುದೆಷ್ಟು’ ಎಂಬುದಲ್ಲ, ‘ಒಬ್ಬೊಬ್ಬನಿಗೆ ಬಂದುದೆಷ್ಟು’ ಎಂಬುದು. ಒಬ್ಬನೂ ಇಲ್ಲದಲ್ಲಿ ಒಬ್ಬೊಬ್ಬನ ಮಾತೆಲ್ಲಿಯದು?

ಆದರೆ ಇದೇ ಮಹಾವೀರನ ಇನ್ನೊಂದು ಮಾತನ್ನು ಪಕ್ಕದಲ್ಲಿಟ್ಟು ನೋಡಬೇಕು. ಧನ ಸಂಖ್ಯೆಯ ವರ್ಗವೂ ಋಣ ಸಂಖ್ಯೆಯ ವರ್ಗವೂ ಧನವೇ. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಆತ ಖಚಿತವಾಗಿ ನುಡಿದಿದ್ದಾನೆ. ಇದು ಅಪ್ಪಟ ವರ್ಜ್ಯದ ವಿವೇಕ. ತನಗೆ ತಿಳಿದಿದ್ದ ಸಂಖ್ಯೆಗಳ ಲೋಕದಲ್ಲಿ ಈ ಕ್ರಿಯೆಗೆ ಇಲ್ಲಿ ಎಡೆಯಿಲ್ಲ ಎಂದು ಗೆರೆ ಎಳೆಯುವ ಧೈರ್ಯ ಅವನಿಗಿತ್ತು. ಒಂದು ಬಾಗಿಲಿಗೆ ಸರಿಯಾಗಿ ಅಗುಳಿ ಹಾಕಿದ ಕೈಯೇ ಇನ್ನೊಂದನ್ನು ತೆರೆದಿಟ್ಟಿತು. ಬುದ್ಧಿಯ ಚರಿತ್ರೆಯಲ್ಲಿ ಇದು ಅಪರೂಪವೇನಲ್ಲ. ಮಹಾವೀರನ ತಪ್ಪನ್ನು ತೋರಿಸುವುದರಿಂದ ಅವನ ಹಿರಿಮೆ ಕುಂದುವುದಿಲ್ಲ. ಮುಚ್ಚಿಡುವುದರಿಂದ ನಮ್ಮ ಹಿರಿಮೆ ಹೆಚ್ಚುವುದೂ ಇಲ್ಲ.

ಮೂರು ಶತಮಾನಗಳ ತರುವಾಯ ಭಾಸ್ಕರಾಚಾರ್ಯ ಬಂದ. ಆತ ಹುಟ್ಟಿದುದು 1114ರಲ್ಲಿ. ಸಹ್ಯಾದ್ರಿಯ ತಪ್ಪಲಿನ ವಿಜ್ಜಡವಿಡ ತನ್ನ ಊರೆಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಕಡೆಯದೆಂದು ಕೆಲವರೂ ಹೇಳುತ್ತಾರೆ. ಸೊನ್ನೆಯ ಛೇದವುಳ್ಳ ರಾಶಿಗೆ ಆತ ‘ಖಹರ’ವೆಂದು ಹೆಸರಿಟ್ಟು, ಅದು ಅನಂತವೆಂದ. ಸೃಷ್ಟಿಪ್ರಳಯಗಳಲ್ಲಿ ಜೀವರಾಶಿಗಳು ಹೊರಟರೂ ಒಳಸೇರಿದರೂ ಅಚ್ಯುತನಲ್ಲಿ ಹೇಗೆ ವಿಕಾರವಿಲ್ಲವೋ ಹಾಗೆ ಈ ರಾಶಿಗೆ ಎಷ್ಟು ಕೂಡಿಸಿದರೂ ಕಳೆದರೂ ವಿಕಾರವಿಲ್ಲ ಎಂಬ ಉಪಮೆಯನ್ನು ‘ಬೀಜಗಣಿತ’ದಲ್ಲಿ ಕೊಟ್ಟ. ಗಣಿತದ ಪುಟದಲ್ಲಿ ಇಂಥ ಉಪಮೆ ಬರುವುದು ಅಪೂರ್ವ. ಆದರೆ ಉಪಮೆಯ ಸೊಬಗು ಸಾಧನೆಯಾಗುವುದಿಲ್ಲ. ‘1 ÷ (ಕ್ಷ − 3)’ ಎಂಬಲ್ಲಿ ಕ್ಷದ ಬೆಲೆ 3.1 ಎಂದರೆ ಫಲ 10, 3.01 ಎಂದರೆ 100. ಬಲಗಡೆಯಿಂದ ಬಂದರೆ ಧನದ ಕಡೆಗೆ ಮೇರೆಯಿಲ್ಲದ ಏರಿಕೆ. ಎಡಗಡೆಯಿಂದ 2.9 ಎಂದರೆ ಋಣ 10, 2.99 ಎಂದರೆ ಋಣ 100. ಆ ಕಡೆಯಿಂದ ಬಂದರೆ ಮೇರೆಯಿಲ್ಲದ ಇಳಿಕೆ. ಒಂದೇ ತಾಣಕ್ಕೆ ಆಕಾಶವೂ ಪಾತಾಳವೂ ಹಕ್ಕುಸಾಧಿಸುವಾಗ ಅದರ ಬೆಲೆ ಅನಂತವೆಂದು ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

ಭಾಸ್ಕರನ ‘ಲೀಲಾವತಿ’ಯಲ್ಲಿ ಇನ್ನೂ ಕುತೂಹಲಕರವಾದ ಲೆಕ್ಕವೊಂದಿದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63. ಆ ಸಂಖ್ಯೆ ಯಾವುದು? ಉತ್ತರ 14. ಗುಣಿಸುವ ಸೊನ್ನೆಯನ್ನೂ ಭಾಗಿಸುವ ಸೊನ್ನೆಯನ್ನೂ ಒಂದಕ್ಕೊಂದು ವಜಾಮಾಡಿ, 14ಕ್ಕೆ ಅದರ ಅರ್ಧವಾದ 7ನ್ನು ಕೂಡಿಸಿ 21 ಮಾಡಿ, ಮೂರರಿಂದ ಗುಣಿಸಿದರೆ 63 ಬರುತ್ತದೆ. ಸೊನ್ನೆಯನ್ನು ಸೊನ್ನೆಯೆಂದೇ ಹಿಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಅದರ ಜಾಗದಲ್ಲಿ ಎಷ್ಟು ಬೇಕಾದರೂ ಕಿರಿದಾಗಬಹುದಾದ, ಆದರೆ ಸೊನ್ನೆಯಾಗದ ರಾಶಿಯನ್ನಿಟ್ಟರೆ ಮಾತ್ರ ನಿಲ್ಲುತ್ತದೆ. ಮುಂದೆ ಕಲನಶಾಸ್ತ್ರವಾಗಿ ಬೆಳೆದ ಒಂದು ವಿಚಾರದ ಮಸುಕಾದ ನೆರಳು ಇಲ್ಲಿ ಕಾಣುತ್ತದೆ.

ಛೇದವನ್ನು ಬಿಡಿಸುವ ಕ್ರಮ

ಹಾಗಾದರೆ ವರ್ಜ್ಯ ಬೆಲೆಗಳನ್ನು ಹುಡುಕುವ ಬಗೆ ಹೇಗೆ? ನಿಯಮ ಚಿಕ್ಕದು: ಛೇದವನ್ನು ಮಾತ್ರ ಬೇರೆ ತೆಗೆದು, ಸೊನ್ನೆಗೆ ಸಮವೆಂದು ಬರೆದು, ಆ ಸಮೀಕರಣವನ್ನು ಬಿಡಿಸಬೇಕು. ‘(ಕ್ಷ² − 5ಕ್ಷ + 6) ÷ (ಕ್ಷ² − 9)’ ಎಂಬುದನ್ನು ತೆಗೆದುಕೊಳ್ಳೋಣ. ಛೇದವು (ಕ್ಷ − 3)(ಕ್ಷ + 3) ಎಂದು ಒಡೆಯುತ್ತದೆ. ಎರಡು ಅಪವರ್ತನಗಳಲ್ಲಿ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ. ಆದುದರಿಂದ 3 ಮತ್ತು ಋಣ 3 ಇಲ್ಲಿ ವರ್ಜ್ಯ. ಅಂಶವು ಸೊನ್ನೆಯಾದರೆ ಬಾಧೆಯಿಲ್ಲ; ಆಗ ಫಲ ಸೊನ್ನೆ, ಅಷ್ಟೆ. ಅಂಶವನ್ನು ಕಂಡು ಅಂಜುವುದೂ, ಛೇದವನ್ನು ಕಂಡೂ ಅಂಜದಿರುವುದೂ ಎರಡೂ ತಪ್ಪು.

ಇಲ್ಲಿಯೇ ಮುಖ್ಯವಾದ ಎಚ್ಚರಿಕೆಯೊಂದಿದೆ. ಮೇಲಿನ ಅಂಶವು (ಕ್ಷ − 2)(ಕ್ಷ − 3) ಎಂದು ಒಡೆಯುವುದರಿಂದ, ಮೇಲೆ ಕೆಳಗೆ ಇರುವ (ಕ್ಷ − 3)ನ್ನು ಹೊಡೆದುಹಾಕಿ, ‘(ಕ್ಷ − 2) ÷ (ಕ್ಷ + 3)’ ಎಂದು ಸಂಕ್ಷೇಪಿಸಬಹುದು. ಹೊಸ ಉಕ್ತಿಯನ್ನಷ್ಟೇ ನೋಡಿದವನಿಗೆ 3ರಲ್ಲಿ ಯಾವ ದೋಷವೂ ಕಾಣದು. 3ನ್ನು ಹಾಕಿದರೆ ಆರನೆಯ ಒಂದು ಎಂಬ ಫಲ ಸಲೀಸಾಗಿ ಬರುತ್ತದೆ. ಆದರೂ ಮೂಲ ಉಕ್ತಿಗೆ 3ರಲ್ಲಿ ಬೆಲೆಯಿಲ್ಲ. ತೋಡಿಗೆ ಅಡ್ಡವಾಗಿ ಕಟ್ಟಿದ ಸಂಕದಲ್ಲಿ ಒಂದು ದಬ್ಬೆ ಮಾತ್ರ ಜಾರಿಹೋಗಿದೆ ಎಂದುಕೊಳ್ಳಿರಿ. ದೂರದಿಂದ ನೋಡಿದರೆ ಸಂಕ ಅಖಂಡವಾಗಿಯೇ ಇದೆ. ಆ ಕಡೆಗೂ ಈ ಕಡೆಗೂ ಗಟ್ಟಿ. ಮೇಲೆ ನಡೆದವನಿಗೆ ಮಾತ್ರ ಸಂದು ಗೊತ್ತು. 3ರಲ್ಲಿ ಈ ಉಕ್ತಿಯ ನಕ್ಷೆಗೆ ಇಂಥದೇ ಸಂದು. ಋಣ 3ರಲ್ಲಿ ಆಗುವುದು ಬೇರೆ; ಅಲ್ಲಿ ದಬ್ಬೆ ಜಾರಿದುದಲ್ಲ, ದಾರಿಯೇ ಒಂದು ಕಡೆ ಮುಗಿಲಿಗೂ ಇನ್ನೊಂದು ಕಡೆ ಪ್ರಪಾತಕ್ಕೂ ಹೊರಟುಹೋಗಿದೆ. ವರ್ಜ್ಯಗಳಲ್ಲಿಯೂ ಜಾತಿಭೇದವುಂಟು. ಆದುದರಿಂದಲೇ ವರ್ಜ್ಯ ಬೆಲೆಗಳನ್ನು ಸಂಕ್ಷೇಪಿಸುವ ಮೊದಲೇ ಬರೆದಿಡಬೇಕು. ಹೊಡೆದುಹಾಕಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ.

ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವಾಗ ಎಚ್ಚರ ಇಮ್ಮಡಿಯಾಗಬೇಕು. ‘(ಕ್ಷ + 1) ÷ (ಕ್ಷ − 2)’ ಎಂಬುದನ್ನು ‘(ಕ್ಷ − 5) ÷ (ಕ್ಷ + 4)’ ಎಂಬುದರಿಂದ ಭಾಗಿಸಬೇಕಾಗಿದೆ. ಛೇದಗಳ ದೆಸೆಯಿಂದ 2 ಮತ್ತು ಋಣ 4 ವರ್ಜ್ಯವೆಂಬುದು ಸ್ಪಷ್ಟ. ಜೊತೆಗೆ 5ನ್ನೂ ವರ್ಜಿಸಬೇಕು. ಏಕೆಂದರೆ ಅಲ್ಲಿ ಭಾಜಕವೇ ಸೊನ್ನೆಯಾಗುತ್ತದೆ. ತಲೆಕೆಳಗು ಮಾಡಿ ಗುಣಿಸುವ ಆತುರದಲ್ಲಿ ಋಣ 4 ಕಣ್ಮರೆಯಾಗಿಬಿಡುತ್ತದೆ.

ವರ್ಜ್ಯವೇ ಇಲ್ಲದ ಉಕ್ತಿಗಳೂ ಉಂಟು. ‘1 ÷ (ಕ್ಷ² + 4)’ ಎಂಬಲ್ಲಿ ಛೇದ ಸೊನ್ನೆಯಾಗಬೇಕಾದರೆ ಕ್ಷದ ವರ್ಗ ಋಣ 4 ಆಗಬೇಕು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ ಎಂದು ಮಹಾವೀರಾಚಾರ್ಯ ಆಗಲೇ ಹೇಳಿದ್ದಾನಲ್ಲವೆ? ವಾಸ್ತವ ಸಂಖ್ಯೆಗಳಲ್ಲಿ ಈ ಛೇದ ಎಂದೂ ಬರಿದಾಗದು. ಭಾಗಾಕಾರದಲ್ಲಿ ತಪ್ಪಿದ ಆಚಾರ್ಯನ ಇನ್ನೊಂದು ಸರಿಯಾದ ಮಾತೇ ಹೀಗೆ ಛೇದದ ಸುರಕ್ಷೆಗೆ ಒದಗಿಬರುತ್ತದೆ.

ಮರೆತರೆ ಏನು ನಷ್ಟ?

ಇಷ್ಟೆಲ್ಲ ಜಾಗರೂಕತೆ ಅಂಕ ಗಳಿಸುವುದಕ್ಕಾಗಿ ಮಾತ್ರವೆ ಎಂದು ವಿದ್ಯಾರ್ಥಿ ಕೇಳಬಹುದು. ಈ ಚಿಕ್ಕ ಚಮತ್ಕಾರವನ್ನು ನೋಡಿರಿ. ‘ಅ’ ಮತ್ತು ‘ಬ’ ಸಮವೆಂದಿಟ್ಟುಕೊಳ್ಳೋಣ. ಎರಡೂ ಕಡೆಯನ್ನು ‘ಅ’ದಿಂದ ಗುಣಿಸಿದರೆ ಅ² = ಅಬ. ಎರಡೂ ಕಡೆಯಿಂದ ಬ² ಕಳೆದರೆ ಅ² − ಬ² = ಅಬ − ಬ². ಅಪವರ್ತಿಸಿದರೆ (ಅ − ಬ)(ಅ + ಬ) = ಬ(ಅ − ಬ). ಎರಡೂ ಕಡೆಯಿಂದ (ಅ − ಬ)ವನ್ನು ತೆಗೆದುಹಾಕಿದರೆ ಅ + ಬ = ಬ. ಅ ಮತ್ತು ಬ ಸಮವಾದುದರಿಂದ 2ಬ = ಬ; ಅಂದರೆ 2 = 1! ಪ್ರತಿಯೊಂದು ಹೆಜ್ಜೆಯೂ ಸಭ್ಯವಾಗಿಯೇ ಕಾಣುತ್ತದೆ. ಆದರೆ ಅ, ಬ ಸಮವಾಗಿರುವಾಗ (ಅ − ಬ) ಎಂಬುದು ಸೊನ್ನೆ. ಅದರಿಂದ ಭಾಗಿಸಿದ ಗಳಿಗೆಯಲ್ಲಿಯೇ ತರ್ಕದ ಹಡಗಿಗೆ ತೂತು ಬಿತ್ತು. 2 ಮತ್ತು 1 ಸಮವಾದ ಲೋಕದಲ್ಲಿ ಎಲ್ಲ ಸಂಖ್ಯೆಗಳೂ ಸಮ. ಸಾಲಕ್ಕೂ ಸಂಪತ್ತಿಗೂ ಭೇದವಿಲ್ಲ. ಒಂದೇ ಒಂದು ಅಕ್ರಮ ಪ್ರವೇಶದಿಂದ ಇಡೀ ಶಾಸ್ತ್ರವೇ ಅರ್ಥಹೀನವಾಗುತ್ತದೆ.

ಸಮೀಕರಣಗಳಲ್ಲಿ ಕಪಟ ಇನ್ನೂ ನಯವಾದುದು. ‘ಕ್ಷ ÷ (ಕ್ಷ − 3) = 3 ÷ (ಕ್ಷ − 3) + 2’ ಎಂಬುದನ್ನು ಬಿಡಿಸಲು ಎರಡೂ ಕಡೆಯನ್ನು (ಕ್ಷ − 3)ರಿಂದ ಗುಣಿಸುತ್ತೇವೆ. ಕ್ಷ = 3 + 2ಕ್ಷ − 6 ಎಂದಾಗಿ, ಕ್ಷ = 3 ಎಂಬ ಉತ್ತರ ದೊರೆಯುತ್ತದೆ. ಕ್ರಮ ಸರಿ, ಎಣಿಕೆ ಸರಿ, ಉತ್ತರ ಮಾತ್ರ ಸುಳ್ಳು. ಏಕೆಂದರೆ 3 ಮೊದಲಿನಿಂದಲೂ ವರ್ಜ್ಯ. ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ. ಕೆಲಸ ಆರಂಭಿಸುವ ಮುನ್ನ ‘ಕ್ಷ 3 ಅಲ್ಲ’ ಎಂದು ಬದಿಯಲ್ಲಿ ಬರೆದುಕೊಂಡ ಹುಡುಗಿ ಕೊನೆಯಲ್ಲಿ ನಕ್ಕು ‘ಪರಿಹಾರವಿಲ್ಲ’ ಎಂದು ಬರೆಯುತ್ತಾಳೆ. ಬರೆಯದಿದ್ದವನು ಕಳ್ಳನನ್ನೇ ಯಜಮಾನನೆಂದು ನಂಬಿ ಮನೆಯೊಳಗೆ ಕೂರಿಸುತ್ತಾನೆ.

ವಿದ್ವಾಂಸರೂ ಈ ಆಕ್ಷೇಪಕ್ಕೆ ಗುರಿಯಾದರು. ನ್ಯೂಟನ್ನನ ಹೊಸ ಕಲನಶಾಸ್ತ್ರ ಯುರೋಪನ್ನು ಬೆರಗುಗೊಳಿಸಿದ್ದ ಕಾಲದಲ್ಲಿ, 1734ರಲ್ಲಿ, ಬರ್ಕ್ಲಿ ಎಂಬ ತತ್ತ್ವಜ್ಞಾನಿ ಬಿಷಪ್ಪನು ಅದರ ಬುಡವನ್ನೇ ಪ್ರಶ್ನಿಸಿದ. ಕ್ಷಣವೇಗವನ್ನು ಕಾಣಲು ‘((3 + ಹ)² − 9) ÷ ಹ’ ಎಂಬಂಥ ಉಕ್ತಿಯನ್ನು ಬರೆದು, ‘ಹ’ ಸೊನ್ನೆಯಲ್ಲವೆಂದು ಹೇಳಿ ಅದರಿಂದ ಭಾಗಿಸಿ, 6 + ಹ ಎಂದು ಪಡೆದು, ಮರುಗಳಿಗೆಯಲ್ಲಿಯೇ ‘ಹ’ ಸೊನ್ನೆಯೆಂದು ಹೇಳಿ 6 ಎನ್ನುವಿರಲ್ಲ, ಇದು ಯಾವ ನ್ಯಾಯ? ಇದು ಅವನ ಆಕ್ಷೇಪದ ತಿರುಳು. ಉತ್ತರ ದೊರೆಯಲು ನೂರು ವರ್ಷಗಳ ಹತ್ತಿರ ಬೇಕಾಯಿತು. ‘ಹ’ವನ್ನು ಸೊನ್ನೆಮಾಡಬೇಕಾಗಿಯೇ ಇಲ್ಲ, ಅದು ಸೊನ್ನೆಯನ್ನು ಸಮೀಪಿಸುವಾಗ ಫಲ ಯಾವ ಬೆಲೆಯನ್ನು ಸಮೀಪಿಸುತ್ತದೆ ಎಂದು ಕೇಳಿದರೆ ಸಾಕು ಎಂಬ ಪರಿಮಿತಿಯ ವಿಚಾರವನ್ನು ಫ್ರಾನ್ಸಿನ ಕೋಶಿ 1821ರ ತನ್ನ ಗ್ರಂಥದಲ್ಲಿ ಶಾಸ್ತ್ರದ ತಳಹದಿಯಾಗಿಸಿದ. ವರ್ಜ್ಯ ತಾಣವನ್ನು ತುಳಿಯದೆ ಅದರ ಸುತ್ತ ನಡೆದು ಅದರ ಗುಣವನ್ನು ತಿಳಿಯುವ ಮಾರ್ಗ ಇದು. ಆಧುನಿಕ ಗಣಿತದ ಬಹುಭಾಗ ಈ ಪ್ರದಕ್ಷಿಣೆಯ ಫಲವೆಂದರೆ ಅತಿಶಯೋಕ್ತಿಯಾಗದು.

ನಮ್ಮ ಕಾಲದ ಯಂತ್ರಗಳಿಗೂ ಈ ಎಚ್ಚರ ತಪ್ಪಿದ್ದಲ್ಲ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕಾದಳದ ‘ಯಾರ್ಕ್‌ಟೌನ್’ ಎಂಬ ಯುದ್ಧನೌಕೆ ವರ್ಜೀನಿಯದ ಕರಾವಳಿಯಾಚೆ ಸಮುದ್ರದಲ್ಲಿ ನಿಶ್ಚಲವಾಯಿತು. ನಾವಿಕನೊಬ್ಬ ಗಣಕಯಂತ್ರಕ್ಕೆ ಊಡಿಸಿದ ಅಂಕಿಗಳಲ್ಲಿ ಒಂದು ಸೊನ್ನೆಯಿತ್ತು. ಕ್ರಮವಿಧಿ ಅದರಿಂದ ಭಾಗಿಸಲು ಹೋಯಿತು. ನೌಕೆಯನ್ನು ನಡೆಸುವ ವ್ಯವಸ್ಥೆ ಕುಸಿದು ಎರಡು ಗಂಟೆಗೂ ಹೆಚ್ಚು ಕಾಲ ಆ ಬೃಹತ್ ನೌಕೆ ನೀರಿನ ಮೇಲೆ ಸುಮ್ಮನೆ ನಿಂತಿತು. ಯಂತ್ರಗಳಲ್ಲಿ ದಶಾಂಶಗಳ ಗಣನೆಗಾಗಿ 1985ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸೊನ್ನೆಯಲ್ಲದ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಯಂತ್ರ ‘ಅನಂತ’ವೆಂಬ ಗುರುತನ್ನು ಕೊಡುತ್ತದೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ‘ಇದು ಸಂಖ್ಯೆಯಲ್ಲ’ ಎಂಬ ಗುರುತನ್ನು ಕೊಡುತ್ತದೆ. ಮೊದಲನೆಯದರಲ್ಲಿ ಭಾಸ್ಕರನ ಖಹರ ನೆನಪಾಗುತ್ತದೆ. ಎರಡನೆಯದರಲ್ಲಿ ಬ್ರಹ್ಮಗುಪ್ತನ ತೀರ್ಪು ತಿದ್ದಿಕೊಂಡಂತಿದೆ.

ಕನ್ನಡದಲ್ಲಿ ಈ ಮಾತು

ಕನ್ನಡಕ್ಕೆ ಗಣಿತ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲಿಯೇ ರಚಿಸಿದ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. ಅಂಶ, ಛೇದ, ಭಾಜ್ಯ, ಭಾಜಕ, ಅಪವರ್ತನ, ಬೀಜೋಕ್ತಿ ಇವೆಲ್ಲ ನಮ್ಮ ಬಾಯಲ್ಲಿ ಪಳಗಿದ ಮಾತುಗಳು. ಸೊನ್ನೆಗೆ ‘ಪೂಜ್ಯ’ವೆಂಬ ಹೆಸರನ್ನೂ ಕೊಟ್ಟ ಭಾಷೆ ನಮ್ಮದು. ಪೂಜ್ಯರನ್ನು ಛೇದದ ಪೀಠದಲ್ಲಿ ಕುಳ್ಳಿರಿಸಬಾರದೆಂಬುದೊಂದೇ ನಿಯಮ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೂ, ಕಾಸರಗೋಡು ಕೇರಳಕ್ಕೂ ಸೇರಿದುವು. ಅಂದಿನಿಂದ ಮಂಡೆಕೋಲಿನಂಥ ಗ್ರಾಮದ ಮಕ್ಕಳು ಒಂದು ಸರಕಾರದ ಪಠ್ಯಕ್ರಮದಲ್ಲಿ ಓದುತ್ತಾರೆ. ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳು ಇನ್ನೊಂದು ಸರಕಾರದ ಪಠ್ಯಕ್ರಮದಲ್ಲಿ ಓದುತ್ತಾರೆ. ಪುಸ್ತಕದ ಹೊದಿಕೆ ಬೇರೆ, ಪರೀಕ್ಷೆಯ ದಿನ ಬೇರೆ. ಆದರೆ ಛೇದ ಸೊನ್ನೆಯಾಗಬಾರದೆಂಬ ಮಾತಿಗೆ ಗಡಿಯಿಲ್ಲ. ಎರಡೂ ಕಡೆಯ ಮಕ್ಕಳನ್ನು ಕಾದಿರುವ ಕಷ್ಟವೂ ಒಂದೇ. ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಕಲಿತು, ಮುಂದೆ ಇಂಗ್ಲಿಷಿನ ತರಗತಿಗೆ ಕಾಲಿಟ್ಟಾಗ ಅಂಶ ಛೇದಗಳ ಹೆಸರೆಲ್ಲ ಬದಲಾಗಿಬಿಡುತ್ತವೆ. ನಿಯಮವನ್ನು ಮಾತಾಗಿ ಮಾತ್ರ ಕಲಿತವನು ಆ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕಾರಣವನ್ನು ಕಲಿತವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಅವನಿಗೆ ಹೊಸ ಹೆಸರುಗಳನ್ನು ಕಲಿಯುವ ಶ್ರಮ ಮಾತ್ರ. ‘ಸೊನ್ನೆಯಿಂದ ಭಾಗಿಸಬಾರದು’ ಎಂದು ಹೇಳಿ ನಿಲ್ಲಿಸುವ ಉಪಾಧ್ಯಾಯನಿಗೂ, ‘ಭಾಗಿಸಿದೆವೆನ್ನಿ, ಆಗ ಏನಾಗಬೇಕು ಹೇಳಿ’ ಎಂದು ಕೇಳುವ ಉಪಾಧ್ಯಾಯನಿಗೂ ಇರುವ ಅಂತರ ಇಷ್ಟು ದೊಡ್ಡದು.

ಗಣಿತವು ಎಲ್ಲವನ್ನೂ ತಿಳಿದ ಶಾಸ್ತ್ರವೆಂಬ ಭ್ರಮೆ ಜನರಲ್ಲಿದೆ. ಅದರ ನಿಜವಾದ ಗೌರವ ಬೇರೆಡೆಯಲ್ಲಿದೆ. ತಾನು ಎಲ್ಲಿ ಮಾತಾಡಬಲ್ಲೆ, ಎಲ್ಲಿ ಮೌನವಾಗಿರಬೇಕು ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ಉತ್ತರಕ್ಕಿಂತ ಮುಂಚೆ ‘ಕ್ಷ 3 ಅಲ್ಲ’ ಎಂದು ಬದಿಯಲ್ಲಿ ಬರೆಯುವ ಆ ಪುಟ್ಟ ಸಾಲು ಲೆಕ್ಕದ ಅಲಂಕಾರವಲ್ಲ; ಲೆಕ್ಕದ ಪ್ರಾಮಾಣಿಕತೆ. ಸೂತ್ರ ಹೇಳುವುದನ್ನೆಲ್ಲ ನಂಬುವ ಮೊದಲು ಸೂತ್ರಕ್ಕೆ ಅಧಿಕಾರವಿರುವ ಎಲ್ಲೆ ಯಾವುದೆಂದು ಕೇಳುವ ಅಭ್ಯಾಸವನ್ನು ಹದಿಹರೆಯದಲ್ಲಿಯೇ ಹಿಡಿಸಿದ ಪಾಠ, ಆ ವಿದ್ಯಾರ್ಥಿ ಮುಂದೆ ಬೀಜಗಣಿತವನ್ನೆಲ್ಲ ಮರೆತರೂ, ವ್ಯರ್ಥವಾಗಲಾರದು.